ಕೂಸಿಯ ಮಹಾಬುರುಜು: 1652ರ ಮದ್ದಿಗೆ ಬಗ್ಗದ್ದು 1917ರಲ್ಲಿ ಹೇಗೆ ಬಿತ್ತು?

ಕಲ್ಲಿನಂಗಳ

ಎಲ್ಲರಿಗೂ ನಮಸ್ಕಾರ. ಉತ್ತರ ಫ್ರಾನ್ಸಿನಲ್ಲಿ ಲಾಂ ಮತ್ತು ಸ್ವಾಸೋಂ ಪಟ್ಟಣಗಳ ನಡುವೆ ಕೂಸಿ ಅಂತ ಒಂದು ಚಿಕ್ಕ ಊರಿದೆ. ಊರಿನ ತುದಿಗೆ, ಗುಡ್ಡದ ಮೂತಿಯ ಮೇಲೆ, ಒಂದು ಕೋಟೆ. ಹೋದ ಭಾನುವಾರ ಅಲ್ಲಿಗೆ ಮೂರನೇ ಸಲ ಹೋಗಿಬಂದೆ. ಬಂದಾಗಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೋಟೆಯ ಮುಂಬದಿಯಲ್ಲಿ, ಊರಿನ ಕಡೆಯಿಂದ ಬರುವವರಿಗೆ ಎದುರಾಗುವಂತೆ, ಒಂದು ದುಂಡು ಬುರುಜಿತ್ತು. ಫ್ರೆಂಚರು ಇಂಥದ್ದಕ್ಕೆ ದೊಂಜೊಂ ಅನ್ನುತ್ತಾರೆ. ಉಳಿದ ಕೋಟೆ ಶತ್ರುವಿನ ಪಾಲಾದರೂ ಒಡೆಯ ಕೊನೆಯವರೆಗೆ ನಿಲ್ಲುವ ಜಾಗ ಅದು. ಕೂಸಿಯದರ ಎತ್ತರ ಸುಮಾರು 54 ಮೀಟರ್. ಅಡ್ಡಳತೆ 30 ಮೀಟರಿಗೂ ಮಿಗಿಲು. ಬುಡದ ಗೋಡೆಯ ದಪ್ಪವೇ 7 ಮೀಟರ್ ಮೀರಿತ್ತು. ನಮ್ಮ ಕಡೆಯ ಒಂದು ಸಣ್ಣ ಮನೆಯ ಹಜಾರ, ಅಡುಗೆಮನೆ ಎರಡೂ ಆ ಗೋಡೆಯ ದಪ್ಪದೊಳಗೆ ಹಿಡಿಸುತ್ತವೆ. ಕೋಟೆಯ ನಾಲ್ಕು ಮೂಲೆಗೂ ಬೇರೆ ನಾಲ್ಕು ಬುರುಜು, ಅವೂ ಬೇರೆ ಕಡೆಯ ದೊಂಜೊಂಗಳಿಗೆ ಕಡಿಮೆಯಿಲ್ಲದವು.

ಕಟ್ಟಿಸಿದವನು ಮೂರನೇ ಆಂಗೆರಾಂ. 1214ರ ಬೂವೀನ್ ಕಾಳಗದಲ್ಲಿ ರಾಜ ಫಿಲಿಪ್ ಆಗಸ್ಟನ ಪಕ್ಷದಲ್ಲಿ ಕಾದಾಡಿದ ಪಾಳೆಯಗಾರ, 1242ರಲ್ಲಿ ತೀರಿಕೊಂಡ. ಅದೇ ರಾಜ ಪ್ಯಾರಿಸ್ಸಿನ ಲೂವ್ರ್ ಕೋಟೆಯಲ್ಲಿ ಕಟ್ಟಿಸಿಕೊಂಡ ದೊಂಜೊಂ 15 ಮೀಟರ್ ಅಡ್ಡಳತೆಯದು, 30 ಮೀಟರ್ ಎತ್ತರದ್ದು. ಅಂದರೆ ಒಡೆಯನ ಬುರುಜಿನ ಮುಂದೆ ಆಳಿನ ಬುರುಜು ಅಗಲದಲ್ಲಿ ಎರಡರಷ್ಟು. ಈ ಮನೆತನದ್ದೇ ಎಂದು ಹೇಳುವ ಒಂದು ಮಾತಿದೆ: "ನಾನು ರಾಜನಲ್ಲ, ರಾಜಕುಮಾರನಲ್ಲ, ಡ್ಯೂಕನಲ್ಲ, ಕೌಂಟನೂ ಅಲ್ಲ, ನಾನು ಕೂಸಿಯ ಒಡೆಯ." ಆ ಮಾತನ್ನು ಕಲ್ಲಲ್ಲಿ ಕಟ್ಟಿದ್ದಾರೆ ಅನ್ನಿಸುತ್ತದೆ ನನಗೆ.

ಈಗ ಪ್ರಶ್ನೆ. 1652ರಲ್ಲಿ, ಆಗ ಫ್ರಾನ್ಸಿನ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಮಂತ್ರಿ ಕಾರ್ಡಿನಲ್ ಮಜಾರಿನ್ ಈ ಕೋಟೆಯನ್ನು ಕೆಲಸಕ್ಕೆ ಬಾರದಂತೆ ಮಾಡಿ ಎಂದು ಆಜ್ಞೆ ಕೊಟ್ಟ. ದೊಂಜೊಂ ಒಳಗೆ ಮದ್ದು ಸಿಡಿಸಿದರು. ಮೂರು ಅಂತಸ್ತಿನ ಕಮಾನು ಛಾವಣಿಗಳು ಹಾರಿಹೋದವು, ಸುತ್ತಿನ ಗೋಡೆ ನಿಂತೇ ಇತ್ತು. 1692ರಲ್ಲಿ ಭೂಕಂಪವಾಗಿ ಬಿರುಕು ಬಿಟ್ಟಿತು, ಆಗಲೂ ಬೀಳಲಿಲ್ಲ. 1917ರ ಮಾರ್ಚಿನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ 28 ಟನ್ ಸ್ಫೋಟಕ ಇಟ್ಟು ದೊಂಜೊಂ ಮತ್ತು ನಾಲ್ಕೂ ಬುರುಜುಗಳನ್ನು ಉರುಳಿಸಿತು. ಇವತ್ತು ದೊಂಜೊಂ ಇದ್ದ ಜಾಗದಲ್ಲಿ ಇರುವುದು ಒಂದು ಕಲ್ಲುಗುಡ್ಡೆ.

ಕಟ್ಟಡ ಕೆಲಸ ಬಲ್ಲವರು ಇಲ್ಲಿದ್ದೀರಿ. ಒಳಗಿನದೆಲ್ಲ ಹಾರಿಹೋದ ಮೇಲೂ ಬರೀ ಚಿಪ್ಪು 265 ವರ್ಷ ನಿಂತದ್ದು ಹೇಗೆ?

ಸಾರುವೆ

ಒಳ್ಳೇ ಪ್ರಶ್ನೆ. ನಾನು ಇಪ್ಪತ್ತು ವರ್ಷದಿಂದ ಸೈಟಲ್ಲೇ ಇರೋನು, ಕಲ್ಲು ಕಟ್ಟಡದ ಕೆಲಸಾನೂ ಮಾಡಿಸಿದೀನಿ. ನನಗೆ ಗೊತ್ತಿರೋ ಮಟ್ಟಿಗೆ ಹೇಳ್ತೀನಿ.

ಮೊದಲು ಒಂದು ಒರಟು ಲೆಕ್ಕ. ಹೊರಗಿನ ಅಡ್ಡಳತೆ 30 ಮೀಟರ್, ಗೋಡೆ 7 ಮೀಟರ್, ಎತ್ತರ 54 ಅಂತಿಟ್ಕೊಳ್ಳಿ. ಸುಮಾರು 27,000 ಘನ ಮೀಟರ್ ಕಟ್ಟಡ ಆಯ್ತು. ಘನ ಮೀಟರಿಗೆ 2 ಟನ್ ಅಂದ್ರೂ 54,000 ಟನ್. ಒಳಗಿನ ಗೂಡು, ಮೆಟ್ಟಿಲು, ಕಿಟಕಿ ಅಂತ ಕಾಲು ಭಾಗ ಕಳೆದ್ರೂ 40,000 ಟನ್ನಿನ ಹತ್ರ ಉಳಿಯುತ್ತೆ. ಈ ಭಾರ ಎಲ್ಲಾ ನೇರ ಕೆಳಗೆ ಒತ್ತುತ್ತೆ. ಕಲ್ಲಿಗೆ ಒತ್ತಡ ಅಂದ್ರೆ ಹಬ್ಬ. ಎಳೆದ್ರೆ ಮಾತ್ರ ಅದು ತಡ್ಕೊಳ್ಳಲ್ಲ.

ಕಮಾನು ಛಾವಣಿ ಇದ್ದಾಗ ಅದು ಗೋಡೇನ ಹೊರಗಡೆಗೆ ತಳ್ತಾ ಇರುತ್ತೆ. ಮಜಾರಿನ್ ಕಡೆಯವರು ಆ ಕಮಾನುಗಳನ್ನೇ ಹಾರಿಸಿಬಿಟ್ರು. ಅಂದ್ರೆ ತಳ್ಳೋದನ್ನೇ ತೆಗೆದುಹಾಕಿದ್ರು! ಗೋಡೆ ತನ್ನ ಭಾರ ತಾನು ಹೊತ್ಕೊಂಡು ಆರಾಮಾಗಿ ನಿಂತಿತು. ಇನ್ನೊಂದು ವಿಷಯ, ಆ ಕಾಲದ ಕರಿ ಮದ್ದು ಸಿಡಿದಾಗ ತಳ್ಳುತ್ತೆ, ಕಲ್ಲನ್ನ ಚೂರು ಮಾಡಲ್ಲ. ಒಳಗೆ ಹುಟ್ಟಿದ ಒತ್ತಡಕ್ಕೆ ಸುಲಭದ ದಾರಿ ಮೇಲ್ಗಡೆ ಸಿಕ್ತು, ಅಲ್ಲಿಂದ ಹೊರಟುಹೋಯ್ತು. ಇಪ್ಪತ್ತನೇ ಶತಮಾನದ ಸೇನೆಗಳ ಸ್ಫೋಟಕ ಹಾಗಲ್ಲ, ಅದು ಮುಟ್ಟಿದ ಕಲ್ಲನ್ನೇ ಪುಡಿ ಮಾಡುತ್ತೆ. ಬುಡ ಪುಡಿಯಾದ್ರೆ ಮೇಲಿನ 40,000 ಟನ್ನೇ ಉಳಿದ ಕೆಲಸ ಮುಗಿಸುತ್ತೆ.

ಛಾವಣಿಯ ಕಮಾನು ಎಂಥದ್ದು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?

ಕಲ್ಲಿನಂಗಳ

"ತಳ್ಳೋದನ್ನೇ ತೆಗೆದುಹಾಕಿದ್ರು" ಅನ್ನೋ ಮಾತು ಓದಿ ಎದ್ದು ಕೂತೆ. ಇಷ್ಟು ಸಲ ನೋಡಿದರೂ ಇದು ಹೊಳೆದಿರಲಿಲ್ಲ.

ಒಳಗೆ ಮೂರು ಅಂತಸ್ತು. ಹೊರಗೆ ದುಂಡಗಿದ್ದರೂ ಒಳಗೆ ಹನ್ನೆರಡು ಮುಖ, ಒಂದೊಂದು ಮುಖದಲ್ಲೂ ಗೋಡೆಯೊಳಕ್ಕೆ ಕೊರೆದ ಹಾಗೆ ಒಂದೊಂದು ಆಳವಾದ ಗೂಡು. ಗೂಡುಗಳ ನಡುವಿನ ಕಂಬಗಳಿಂದ ಹನ್ನೆರಡು ಕಲ್ಲಿನ ಪಕ್ಕೆಲುಬು ಎದ್ದು ನಡುವೆ ಕೂಡುತ್ತಿದ್ದವು. ಆ ಕಾಲದ ಗಾಥಿಕ್ ಇಗರ್ಜಿಗಳಲ್ಲಿ ಕಾಣುವ ಕಮಾನೇ ಇದು. ಕೂಡುವ ಜಾಗ ಮುಚ್ಚಿರಲಿಲ್ಲ, ದುಂಡನೆಯ ಕಂಡಿ ಬಿಟ್ಟಿದ್ದರು. ಕೆಳಗಿನಿಂದ ಮೇಲಿನವರೆಗೆ ಮೂರೂ ಅಂತಸ್ತಿನ ಕಂಡಿಗಳು ಒಂದರ ಮೇಲೊಂದು. ಹಗ್ಗ ಇಳಿಬಿಟ್ಟು ಬಾಣ, ಕಲ್ಲು, ದವಸ ಎಲ್ಲ ಅಲ್ಲಿಂದಲೇ ಎಳೆದುಕೊಳ್ಳಬಹುದಿತ್ತು. ಕೆಳಗಿನ ಅಂತಸ್ತಿನಲ್ಲೇ ಬಾವಿ ಇತ್ತು, ಒಲೆಯೂ ಇತ್ತು. ಸುತ್ತ ಬೇರೆಯದೇ ಕಂದಕ, ಅದರಾಚೆ ಬೇರೆಯದೇ ಪೌಳಿಗೋಡೆ. ಉಳಿದ ಕೋಟೆಯಿಂದಲೂ ದೊಂಜೊಂ ತನ್ನನ್ನು ಬೇರೆ ಮಾಡಿಕೊಂಡಿತ್ತು.

ಕಟ್ಟಡದ ಚರಿತ್ರೆ ಬರೆದ ವಿಯೊಲೆ-ಲ-ದ್ಯುಕ್ ಇದನ್ನು ಅಳೆದು ನಕ್ಷೆ ಬರೆದವನು. ಮೆಟ್ಟಿಲು, ಕಲ್ಲಿನ ಬೆಂಚು, ಗೋಡೆಯ ಮೇಲಂಚಿನ ತೆನೆಗಳ ಎತ್ತರ ಎಲ್ಲವೂ ಸಾಮಾನ್ಯ ಅಳತೆಗಿಂತ ದೊಡ್ಡವು, ಇಲ್ಲಿ ದೈತ್ಯರ ಕುಲವೇ ಬಾಳಿದ್ದಿರಬೇಕು ಅನ್ನಿಸುತ್ತದೆ ಅಂತ ಬರೆದಿದ್ದಾನೆ.

ಹಳೇ ಮೇಷ್ಟ್ರು

ನಾನು ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು. ಕೂಸಿಗೆ ಹೋಗಿಲ್ಲ. ಆದರೆ ಅಲ್ಲಿನ ಏಳನೇ ಆಂಗೆರಾಂನ ಕಥೆ ಓದಿದ ಮೇಲೆ ಆ ಊರು ಮನಸ್ಸಿಂದ ಹೋಗಿಲ್ಲ. ಇಂಗ್ಲೆಂಡಿನ ಮೂರನೇ ಎಡ್ವರ್ಡನ ಮಗಳು ಇಸಬೆಲ್ಲಾಳನ್ನು 1365ರಲ್ಲಿ ಮದುವೆಯಾದವನು. ಫ್ರಾನ್ಸಿಗೂ ಇಂಗ್ಲೆಂಡಿಗೂ ನೂರು ವರ್ಷದ ಯುದ್ಧ ನಡೆಯುತ್ತಿದ್ದಾಗ ಒಂದು ಕಡೆ ತನ್ನ ರಾಜ, ಇನ್ನೊಂದು ಕಡೆ ಮಾವ. 1396ರ ನಿಕೊಪೊಲಿಸ್ ಕಾಳಗದಲ್ಲಿ ಆಟೋಮನ್ ತುರ್ಕರಿಗೆ ಸೆರೆಸಿಕ್ಕು ಮರುವರ್ಷ ಬುರ್ಸಾದಲ್ಲಿ ಪ್ರಾಣ ಬಿಟ್ಟ.

ಕೋಟೆಯ ವಿಷಯಕ್ಕೆ ಬಂದರೆ, ಮುತ್ತಜ್ಜಂದಿರು ಕಾಳಗಕ್ಕೆ ಕಟ್ಟಿದ್ದನ್ನು ಈತ ಅರಮನೆ ಮಾಡಿದ. ವೀರರ ಸಭಾಂಗಣ, ವೀರನಾರಿಯರ ಸಭಾಂಗಣ ಅಂತ ಎರಡು ದೊಡ್ಡ ಹಜಾರಗಳು ಅವನ ಕಾಲದವು. ದೊಂಜೊಂ ಮಾತ್ರ ಮುಟ್ಟಲಿಲ್ಲ. 1400ರಲ್ಲಿ ಅವನ ಮಗಳು ಮಾರಿ ಇಡೀ ಆಸ್ತಿಯನ್ನು ರಾಜನ ತಮ್ಮ ಓರ್ಲೆಯಾನ್ ಡ್ಯೂಕ್ ಲೂಯಿಗೆ ಮಾರಿದಳು. ಅದೇ ಲೂಯಿ ಅದೇ ಹೊತ್ತಿನಲ್ಲಿ ಹತ್ತಿರದ ಪಿಯೆರ್‌ಫೋಂನಲ್ಲಿ ಹೊಸ ಕೋಟೆ ಕಟ್ಟಿಸುತ್ತಿದ್ದ. ಕಲ್ಲಿನಂಗಳ ಅವರೇ, ಅದನ್ನೂ ನೋಡಿದ್ದೀರಾ?

ಕಿತ್ತೂರ ಕಡೆಯಾಕಿ

ನಾ ನೋಡೇನ್ರಿ ಸರ್ ಪಿಯೆರ್‌ಫೋಂ! ಕಾಂಪಿಯೇನ್ ಕಾಡಿನ ಅಂಚಿನ್ಯಾಗ ಐತಿ. ಊರೊಳಗ ಹೊಂಟಾಗ ಮನಿ ಮಾಡಿನ ಮ್ಯಾಲ ಒಮ್ಮೆಲೆ ಎದ್ದು ನಿಲ್ಲತೈತಿ ನೋಡ್ರಿ, ಎಂಟು ಬುರುಜು, ಎಲ್ಲಾ ಟೊಪಗಿ ಹಾಕ್ಕೊಂಡಂಗ. ಒಂದೊಂದು ಬುರುಜಿಗೂ ಒಬ್ಬೊಬ್ಬ ವೀರನ ಹೆಸರು, ಆರ್ಥರ್, ಅಲೆಕ್ಸಾಂಡರ್, ಶಾರ್ಲೆಮಾನ್, ಸೀಸರ್ ಹಿಂಗ. ಒಳಗ ವೀರನಾರಿಯರ ಹಜಾರ ಐತಿ, 52 ಮೀಟರ್ ಉದ್ದ. ಒಲಿ ಮ್ಯಾಲ ಒಂಬತ್ತು ಮಂದಿ ನಾರಿಯರ ಮೂರ್ತಿ. ನಡುವಿನಾಕಿ ಸೆಮಿರಾಮಿಸ್ ರಾಣಿ, ಆದ್ರ ಮಾರಿ ಮೂರನೇ ನೆಪೋಲಿಯನ್ನನ ಹೆಂಡತಿ ಯೂಜೆನಿದು!

ಖರೆ ಹೇಳ್ಬೇಕಂದ್ರ ಅದು ಪೂರಾ ಹಳೇದಲ್ಲ. 1617ರಾಗ ಕೆಡವಿದ್ದನ್ನ 1857ರಿಂದ ವಿಯೊಲೆ-ಲ-ದ್ಯುಕ್ ಮತ್ತ ಎಬ್ಬಿಸಿದ್ದು. ಆದ್ರ ನನ್ನ ಮಗಳು ಅಲ್ಲಿ ಗ್ವಾಡಿ ಮ್ಯಾಲಿನ ದಾರಿಯೊಳಗ ಓಡ್ಯಾಡಿ ಎಷ್ಟು ಪ್ರಶ್ನಿ ಕೇಳಿದ್ಲು ಅಂತೀರಿ. ಇಲ್ಲಿ ಯಾರು ನಿಲ್ತಿದ್ರು, ಈ ತೂತು ಯಾಕ, ಮಳಿ ನೀರು ಎಲ್ಲಿ ಹೋಗ್ತಿತ್ತು. ಕಲ್ಲುಗುಡ್ಡಿ ಮುಂದ ನಿಂತ್ರ ಆ ಪ್ರಶ್ನಿ ಹುಟ್ಟತಿದ್ದಿಲ್ಲ.

ಅದಕ್ಕ ನಾ ಕೇಳೋದು: ಕೂಸಿ ದೊಂಜೊಂ ಯಾಕ ಮತ್ತ ಕಟ್ಟಬಾರದು? 1917ರ ಮುಂಚಿನ ಫೋಟೋ ಅದಾವ, ಅಳತಿ ಅದಾವ, ಕಲ್ಲು ಅಲ್ಲೇ ಬಿದ್ದಾವ. ಪಿಯೆರ್‌ಫೋಂ ಎಬ್ಬಿಸಾಗ ಇಷ್ಟು ಆಧಾರ ಇದ್ದಿಲ್ಲ.

ಸಾರುವೆ

ಅಕ್ಕಾ, ಕಲ್ಲು ಅಲ್ಲೇ ಬಿದ್ದಿದೆ ಅನ್ನೋದು ಅರ್ಧ ಮಾತ್ರ ನಿಜ. 7 ಮೀಟರ್ ಗೋಡೇಲಿ ಕೆತ್ತಿದ ಕಲ್ಲು ಇರೋದು ಒಳಮೈ, ಹೊರಮೈಯಲ್ಲಿ. ನಡುವೆ ಸುಣ್ಣದ ಗಾರೇಲಿ ತುಂಬಿದ ಒರಟು ಕಲ್ಲು. ಹಾಗೆ ತುಂಬಿದ್ದು ಒಂದು ಸಲ ಒಡೆದ್ರೆ ಮತ್ತೆ ಕೂಡಲ್ಲ. ಮೈಕಲ್ಲಲ್ಲೂ ಸ್ಫೋಟಕ್ಕೆ ಸಿಕ್ಕಿ ಸೀಳಿದ್ದೇ ಜಾಸ್ತಿ ಇರುತ್ತೆ, ಅದರ ಮೇಲೆ ಭಾರ ಹೊರಿಸೋಕೆ ನಾನಂತೂ ಒಪ್ಪಲ್ಲ. ಕಟ್ಟಿದ್ರೆ ಹೊಸ ಕಲ್ಲಲ್ಲೇ ಕಟ್ಟಬೇಕು.

ಕಲ್ಲಿನಂಗಳ

ಅಕ್ಕ ಕೇಳಿದ್ದು ನನ್ನನ್ನೂ ಬಹಳ ದಿನ ಕಾಡಿದ ಪ್ರಶ್ನೆ. ಮೊದಲ ಸಲ ಹೋದಾಗ ನಾನೂ "ಛೇ, ಇದನ್ನು ಎಬ್ಬಿಸಬಾರದೇ" ಅಂದುಕೊಂಡೇ ವಾಪಸ್ಸು ಬಂದೆ. ಈಗ ಬೇಡ ಅನ್ನುತ್ತೇನೆ. ಯಾಕೆ ಅಂತ ಹೇಳಲು ಎರಡು ಸಣ್ಣ ವಿಷಯ ಹೇಳಬೇಕು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಒಂದು, ಸಾರುವೆ ತೂತುಗಳು. (ಸಾರುವೆ ಅವರೇ, ನಿಮ್ಮ ಹೆಸರೇ ಬಂತು.) ದೊಂಜೊಂನ ಹೊರಮೈಯಲ್ಲಿ ಚೌಕನೆಯ ತೂತುಗಳಿದ್ದವು. ಕಟ್ಟುವಾಗ ಅದರೊಳಗೆ ಅಡ್ಡಮರ ತೂರಿಸಿ ಅದರ ಮೇಲೆ ಹಲಗೆ ಹಾಸುತ್ತಿದ್ದರು. ಸಾಮಾನ್ಯವಾಗಿ ಈ ತೂತುಗಳು ಒಂದೇ ಮಟ್ಟದಲ್ಲಿ ಸಾಲಾಗಿರುತ್ತವೆ. ಕೂಸಿಯಲ್ಲಿ ಅವು ಬುರುಜಿಗೆ ಬಳ್ಳಿ ಸುತ್ತಿಕೊಂಡ ಹಾಗೆ ಓರೆಯಾಗಿ ಸುತ್ತುತ್ತಾ ಮೇಲೇರುತ್ತಿದ್ದವು. ವಿಯೊಲೆ-ಲ-ದ್ಯುಕ್ ಇದನ್ನು ಗುರುತಿಸಿ, ಇದು ಬರೀ ನಿಲ್ಲುವ ಅಟ್ಟಣಿಗೆಯಲ್ಲ, ಸಾಮಾನು ಮೇಲಕ್ಕೆ ಸಾಗಿಸುವ ಇಳಿಜಾರು ದಾರಿ ಅಂದ. ಗೋಡೆ ಏರಿದಂತೆ ದಾರಿಯೂ ಸುತ್ತುತ್ತಾ ಏರುತ್ತಿತ್ತು. ಮುಂದೆ ವೇಲ್ಸಿನ ಹಾರ್ಲೆಕ್ ಕೋಟೆಯಲ್ಲೂ ಇಂಥ ಸುತ್ತು ತೂತುಗಳು ಕಾಣುತ್ತವೆ. ಕೆಲಸ ಮಾಡಿದವರ ಹೆಸರು ಒಂದೂ ಉಳಿದಿಲ್ಲ, ಅವರು ಹತ್ತಿದ ದಾರಿ ಕಲ್ಲಿನ ಮೇಲೆ ಉಳಿದಿತ್ತು.

ಎರಡನೆಯದು ಮರದ ಬಳೆ. ಗೋಡೆಯ ಹೊಟ್ಟೆಯೊಳಗೆ, ಕಣ್ಣಿಗೆ ಕಾಣದ ಹಾಗೆ, ದಪ್ಪ ತೊಲೆಗಳನ್ನು ಒಂದಕ್ಕೊಂದು ಜೋಡಿಸಿ ಬಳೆಯಂತೆ ಸುತ್ತ ಹುದುಗಿಸಿದ್ದರು. ಸಾರುವೆ ಅವರು ಹೇಳಿದರಲ್ಲ, ಕಮಾನು ಹೊರಕ್ಕೆ ತಳ್ಳುತ್ತದೆ, ಕಲ್ಲು ಎಳೆತ ತಡೆಯುವುದಿಲ್ಲ ಅಂತ. ಆ ಎಳೆತಕ್ಕೆ ಹೂಡಿದ ಉಪಾಯ ಇದು. ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ, ಆದರೆ ಹೊರಗಲ್ಲ, ಒಳಗೆ. ಗಾರೆಯೊಳಗೆ ಸಿಕ್ಕ ಮರ ಕಾಲಕ್ರಮದಲ್ಲಿ ಕೊಳೆತುಹೋಯಿತು. ವಿಯೊಲೆ-ಲ-ದ್ಯುಕ್ ನೋಡುವ ಹೊತ್ತಿಗೆ ತೊಲೆಯಿದ್ದ ಜಾಗ ಬರೀ ಪೊಳ್ಳು ಕೊಳವೆ. 1856ರಲ್ಲಿ ಅವನು ಮಾಡಿದ್ದೇನು ಗೊತ್ತೇ? ಬಿರುಕು ಬಿಟ್ಟ ದೊಂಜೊಂಗೆ ಹೊರಗಿನಿಂದ ಎರಡು ಕಬ್ಬಿಣದ ಪಟ್ಟಿ ಬಿಗಿಸಿದ, ಮೇಲೆ ಮಳೆ ಬೀಳದಂತೆ ಛಾವಣಿ ಹಾಕಿಸಿದ. ಅಷ್ಟೇ. ಕಮಾನು ಮತ್ತೆ ಕಟ್ಟಲಿಲ್ಲ, ತೆನೆ ಮತ್ತೆ ಎಬ್ಬಿಸಲಿಲ್ಲ. ಹಳೆಯ ಮೇಸ್ತ್ರಿಗಳು ಯಾವ ಕೆಲಸಕ್ಕೆ ಮರ ಇಟ್ಟಿದ್ದರೋ ಆ ಕೆಲಸಕ್ಕೆ ಕಬ್ಬಿಣ ಇಟ್ಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಪಿಯೆರ್‌ಫೋಂ ಎಬ್ಬಿಸಲು ಹೊರಟವನೂ ಅವನೇ, ಅದೂ ಮರುವರ್ಷವೇ. ಒಂದೇ ಕೈ, ಒಂದು ಕಡೆ ಎರಡು ಪಟ್ಟಿ ಬಿಗಿದು ಸುಮ್ಮನಾಯಿತು, ಇನ್ನೊಂದು ಕಡೆ ಇಡೀ ಕೋಟೆ ಕಟ್ಟಿತು.

ಹಳೇ ಮೇಷ್ಟ್ರು

ಇದಕ್ಕೆ ಹಣ ಮತ್ತು ಅಧಿಕಾರದ ಉತ್ತರವೂ ಇದೆ. ಪಿಯೆರ್‌ಫೋಂನ ಹಾಳನ್ನು ಮೊದಲನೇ ನೆಪೋಲಿಯನ್ 1810ರಲ್ಲಿ ಕೊಂಡುಕೊಂಡಿದ್ದ, 3,000 ಫ್ರಾಂಕಿಗೂ ಕಡಿಮೆ ಬೆಲೆಗೆ. ಮೂರನೇ ನೆಪೋಲಿಯನ್ ಮೊದಲು ಹೇಳಿದ್ದು ಒಂದು ಭಾಗ ಮಾತ್ರ ವಾಸಕ್ಕೆ ಆಗುವಂತೆ ಮಾಡು, ಉಳಿದದ್ದು ಸುಂದರ ಹಾಳಾಗಿಯೇ ಇರಲಿ ಅಂತ. 1861ರಲ್ಲಿ ಮನಸ್ಸು ಬದಲಾಗಿ ಇಡೀ ಕೋಟೆ ತನ್ನ ನಿವಾಸವಾಗಬೇಕು ಅಂದ. ಒಟ್ಟು ಖರ್ಚು ಸುಮಾರು 50 ಲಕ್ಷ ಫ್ರಾಂಕ್, ಅದರಲ್ಲಿ 40 ಲಕ್ಷ ಚಕ್ರವರ್ತಿಯ ಸ್ವಂತ ಖರ್ಚಿನ ಬಾಬತ್ತಿನಿಂದ. 1870ರಲ್ಲಿ ಸಾಮ್ರಾಜ್ಯ ಬಿತ್ತು, ಕೆಲಸ ಸ್ವಲ್ಪ ಕಾಲ ನಿಂತಿತು. ವಿಯೊಲೆ-ಲ-ದ್ಯುಕ್ 1879ರಲ್ಲಿ ತೀರಿಕೊಂಡ, ಅಳಿಯ ಊರಾದೂ ಮುಂದುವರಿಸಿದ, 1885ರಲ್ಲಿ ಕೆಲಸ ಕೊನೆಗೂ ನಿಂತಿತು. ಒಳಗಿನ ಕೆಲವು ಕೋಣೆಗಳಿಗೆ ಅಲಂಕಾರವೇ ಆಗಲಿಲ್ಲ.

ಜೀರ್ಣೋದ್ಧಾರ ಎಂದರೆ ಕಟ್ಟಡವನ್ನು ಕಾಪಾಡುವುದೋ ರಿಪೇರಿ ಮಾಡುವುದೋ ಅಲ್ಲ, ಹಿಂದೆ ಯಾವತ್ತೂ ಇಲ್ಲದೇ ಇದ್ದಿರಬಹುದಾದ ಒಂದು ಪೂರ್ಣ ಸ್ಥಿತಿಗೆ ಅದನ್ನು ತರುವುದು ಎಂಬ ಅರ್ಥದ ಮಾತನ್ನು ಆತನೇ ಬರೆದಿದ್ದಾನೆ. ಪಿಯೆರ್‌ಫೋಂ ಆ ಮಾತಿನ ಪೂರ್ತಿ ರೂಪ. ಅಲ್ಲಿನ ಪ್ರಾರ್ಥನಾ ಮಂದಿರದ ಬಾಗಿಲಲ್ಲಿರುವ ಸಂತ ಯಾಕೋಬನ ಮೂರ್ತಿಗೆ ಇರುವುದು ವಿಯೊಲೆ-ಲ-ದ್ಯುಕ್‌ನ ಮುಖವೇ.

ಕಿತ್ತೂರ ಕಡೆಯಾಕಿ

ಒಪ್ಪಿದೆ ಸರ್. ಆದ್ರೂ ನನ್ನ ಮಾತು ಬಿಡಂಗಿಲ್ಲ. 2019ರಾಗ ಪ್ಯಾರಿಸ್ಸಿನ ನೋತ್ರ್ ದಾಮ್ ಸುಟ್ಟಾಗ ಮಂದಿ ಎಷ್ಟು ಅತ್ತರು. ಇದ್ದಂಗ ಕಟ್ಟಿ 2024ರ ಡಿಸೆಂಬರ್‌ದಾಗ ಬಾಗಲಾ ತಗದ್ರು. ಉರಿದು ಬಿದ್ದ ಶಿಖರಾನೂ ಇದ ವಿಯೊಲೆ-ಲ-ದ್ಯುಕ್ ಹತ್ತೊಂಬತ್ತನೇ ಶತಮಾನದಾಗ ಕಟ್ಟಿದ್ದು, ಅದನ್ನೂ ಹಂಗ ನಿಲ್ಲಿಸಿದ್ರು. ಅಲ್ಲಿ ಸರಿ ಅನ್ನಿಸಿದ್ದು ಕೂಸಿಯೊಳಗ ಯಾಕ ತಪ್ಪು?

ಕಲ್ಲಿನಂಗಳ

ಅಕ್ಕಾ, ನೋತ್ರ್ ದಾಮ್‌ನಲ್ಲಿ ಜನ ಇವತ್ತಿಗೂ ಪೂಜೆಗೆ ಹೋಗುತ್ತಾರೆ. ಛಾವಣಿ ಇಲ್ಲದಿದ್ದರೆ ಕೆಳಗಿನ ಕಮಾನುಗಳೂ ಉಳಿಯುತ್ತಿರಲಿಲ್ಲ. ಕಟ್ಟಲೇಬೇಕಿತ್ತು, ಕಟ್ಟಿದ್ದಕ್ಕೆ ನನಗೂ ಸಂತೋಷವಾಗಿದೆ. ಕೂಸಿಯ ದೊಂಜೊಂ ಅಂಥದ್ದಲ್ಲ. 1917ರ ಏಪ್ರಿಲಿನಲ್ಲೇ ಆ ಹಾಳನ್ನು ಬರ್ಬರತೆಯ ಸ್ಮಾರಕ ಎಂದು ಘೋಷಿಸಿದರು. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಬಂದ ಪರಿಹಾರದ ಹಣದಲ್ಲಿ ಮೂಲೆಯ ಬುರುಜುಗಳ ಮೇಲೆ ಬಿದ್ದಿದ್ದ ಕಲ್ಲುಮಣ್ಣು ತೆಗೆದು ಗೋಡೆಗಳನ್ನು ಭದ್ರ ಮಾಡಿದರು, ದೊಂಜೊಂನ ಗುಡ್ಡೆಯನ್ನು ಮಾತ್ರ ಹಾಗೇ ಬಿಟ್ಟರು. ಬೇಕೆಂದೇ ಬಿಟ್ಟದ್ದು. ಹತ್ತಾರು ಸಾವಿರ ಟನ್ ಹೊಸ ಕಲ್ಲು ಪೇರಿಸಿದರೆ 1230ರ ದೊಂಜೊಂ ಬರುವುದಿಲ್ಲ, 1917 ಮಾತ್ರ ಅಳಿಸಿಹೋಗುತ್ತದೆ.

ಮಗು ಕೇಳಿದ ಪ್ರಶ್ನೆಗಳ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ತಾಕಿತು, ಅದನ್ನು ತಳ್ಳಿಹಾಕುತ್ತಿಲ್ಲ. ಅದಕ್ಕೆ ಬೇರೆ ದಾರಿಯೂ ಇದೆ. ಬರ್ಗಂಡಿಯಲ್ಲಿ ಗೇದ್ಲೋಂ ಎಂಬಲ್ಲಿ 1997ರಿಂದ ಒಂದು ಹೊಸ ಕೋಟೆಯನ್ನು ಹದಿಮೂರನೇ ಶತಮಾನದ ರೀತಿಯಲ್ಲೇ ಕಟ್ಟುತ್ತಿದ್ದಾರೆ. ಅಲ್ಲೇ ಕಲ್ಲು ಒಡೆಯುವುದು, ಅಲ್ಲೇ ಸುಣ್ಣ ಕಲಸುವುದು, ಮನುಷ್ಯ ಒಳಗೆ ನಿಂತು ತುಳಿಯುವ ದೊಡ್ಡ ಮರದ ಚಕ್ರದಿಂದ ಕಲ್ಲು ಮೇಲೆತ್ತುವುದು. ಯಾವ ಹಾಳನ್ನೂ ಮುಟ್ಟದೆ ಹಳೆಯ ಕೈಕೆಲಸವನ್ನು ಮತ್ತೆ ಕಲಿಯುವ ಜಾಗ. ಅಲ್ಲಿ ಪಳಗಿದ ಬಡಗಿಗಳಲ್ಲಿ ಕೆಲವರು ನೋತ್ರ್ ದಾಮ್ ಛಾವಣಿಯ ತೊಲೆ ಕೆತ್ತಲೂ ಹೋದರು.

ಕಿತ್ತೂರ ಕಡೆಯಾಕಿ

ಗೇದ್ಲೋಂ ಹೆಸರು ಕೇಳಿದ್ದಿಲ್ಲ. ಮುಂದಿನ ಸೂಟಿಗೆ ಮಗಳನ್ನ ಕರಕೊಂಡು ಹೋಗ್ತೀನಿ. ಕೂಸಿಗೂ ಹೋಗ್ತೀನಿ, ಗುಡ್ಡಿ ನೋಡೇ ಮಾತಾಡ್ತೀನಿ. ಈಗಿನ್ನೂ ಪೂರಾ ಒಪ್ಪಿಲ್ಲ ಮತ್ತ.

ಸಾರುವೆ

ಮರದ ಬಳೆ ವಿಷಯ ಓದಿ ನಿನ್ನೆಯಿಂದ ಅದೇ ಯೋಚನೆ. ನಾವು ಇವತ್ತು ಇಟ್ಟಿಗೆ ಗೋಡೆಗೆ ಲಿಂಟಲ್ ಮಟ್ಟದಲ್ಲಿ ಸುತ್ತ ಕಾಂಕ್ರೀಟ್ ಬ್ಯಾಂಡ್ ಹಾಕ್ತೀವಲ್ಲ, ಭೂಕಂಪಕ್ಕೆ ಗೋಡೆ ಬಿಚ್ಚಿಕೊಳ್ಳದೆ ಇರ್ಲಿ ಅಂತ, ಇದೂ ಅದೇ ಬುದ್ಧಿ. ನಿನ್ನೆ ಸೈಟಲ್ಲಿ ಹುಡುಗರಿಗೆ ಕಂಬಿ ಕಟ್ಟೋವಾಗ ಈ ಕಥೆ ಹೇಳಿದೆ. ಒಬ್ಬ ಕೇಳಿದ: "ಸಾರ್, ಮರ ಕೊಳೆಯುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ?" ನನ್ನ ಅನುಭವದಲ್ಲಿ ಗಾರೆ ಗಟ್ಟಿಯಾಗೋದು ನಿಧಾನ, ಅಷ್ಟು ದಪ್ಪದ ಗೋಡೇಲಿ ಒಳಗಡೆ ಒಣಗೋಕೆ ವರ್ಷಗಟ್ಟಲೆ ಬೇಕು. ಗಾರೆ ಹಸಿ ಇದ್ದಾಗ ಗೋಡೇನ ಹಿಡಿದು ನಿಲ್ಲಿಸೋಕೆ ಮರ ಸಾಕು. ಆಮೇಲೆ ಗಾರೆ ನೋಡ್ಕೊಳ್ಳುತ್ತೆ. ಹಾಗೆ ಹೇಳಿದೆ ಅವನಿಗೆ.

ಪಯಣಿಗ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಮುಂದಿನ ತಿಂಗಳು ಆಫೀಸಿನ ಕೆಲಸಕ್ಕೆ ಪ್ಯಾರಿಸ್ಸಿಗೆ ಹೋಗುತ್ತಿದ್ದೇನೆ, ಬಿಡುವು ಸಿಗುವುದು ಅರ್ಧ ದಿನ ಮಾತ್ರ. ಕೂಸಿ ನೋಡಲು ಆಗುತ್ತದೆಯೇ?

ಕಲ್ಲಿನಂಗಳ

ಅರ್ಧ ದಿನಕ್ಕೆ ಕೂಸಿ ಆಗುವುದಿಲ್ಲ. ಲಾಂವರೆಗೆ ಅಥವಾ ಸ್ವಾಸೋಂವರೆಗೆ ರೈಲಿದೆ, ಅಲ್ಲಿಂದ ಮುಂದೆ ಕಾರು ಮಾಡಿಕೊಳ್ಳುವುದೇ ವಾಸಿ. ಪೂರ್ತಿ ದಿನ ಸಿಕ್ಕಾಗ ಪಿಯೆರ್‌ಫೋಂ ಕೂಡ ಸೇರಿಸಿಕೊಂಡು ಹೋಗಿ. ಬೆಳಿಗ್ಗೆ ಪಿಯೆರ್‌ಫೋಂ ನೋಡಿ ಮಧ್ಯಾಹ್ನ ಕೂಸಿಗೆ ಬನ್ನಿ, ಹಿಂದುಮುಂದು ಮಾಡಬೇಡಿ.

ಈ ಸಲ ಲೂವ್ರ್ ಮ್ಯೂಸಿಯಂಗೆ ಹೋಗಿ, ಎಲ್ಲರೂ ಓಡುವ ಚಿತ್ರಗಳ ಕಡೆಗಲ್ಲ, ನೆಲಮಾಳಿಗೆಗೆ. ಫಿಲಿಪ್ ಆಗಸ್ಟನ ಕೋಟೆಯ ಬುಡ ಅಲ್ಲಿದೆ. 1528ರಲ್ಲಿ ಮೊದಲನೇ ಫ್ರಾನ್ಸಿಸ್ ಅವನ ದೊಂಜೊಂ ಕೆಡವಿಸಿದ, 1980ರ ದಶಕದಲ್ಲಿ ಅಗೆದು ತೆಗೆದರು. ಹಳೆಯ ಕಂದಕದ ನೆಲದ ಮೇಲೆಯೇ ನಡೆದುಕೊಂಡು ಆ ದುಂಡು ಬುಡವನ್ನು ನಿಧಾನಕ್ಕೆ ಒಂದು ಸುತ್ತು ಹಾಕಿ, ಹೆಜ್ಜೆ ಎಣಿಸಿಕೊಳ್ಳಿ. ಕೂಸಿಯದು ಅದರ ಎರಡರಷ್ಟು. ಆಮೇಲೆ ಪಕ್ಕದ ಕೋಟೆಗೋಡೆಯ ಕಲ್ಲುಗಳ ಹತ್ತಿರ ನಿಂತು ನೋಡಿ. ಕೆಲವು ಕಲ್ಲುಗಳ ಮೇಲೆ ಅಂಗೈಗಿಂತ ಚಿಕ್ಕದಾಗಿ ಹೃದಯದ ಆಕಾರ ಕೊರೆದಿದೆ. ಯಾರೋ ಕಲ್ಲುಕುಟಿಗ ತನ್ನ ಕೆಲಸಕ್ಕೆ ಹಾಕಿಕೊಂಡ ಗುರುತು ಅದು, ಎಂಟು ನೂರು ವರ್ಷ ಹಳೆಯದು. ಬೆಳಕು ಕಡಿಮೆ, ಥಟ್ಟನೆ ಕಾಣುವುದಿಲ್ಲ. ಸ್ವಲ್ಪ ಓರೆಯಾಗಿ ನಿಂತರೆ ಕಾಣುತ್ತದೆ.